ಕೋಶದ ಮರಣವೂ ಅನುಮಾನಪ್ರಮಾಣವೂ

ಮರಣವುಂಟೆಂಬ ವಿಷಯದಲ್ಲಿ ಯಾವ ಕಾಲದ ಯಾವ ಮತದವರಿಗೂ ವಿವಾದವಿಲ್ಲ. ಆತ್ಮವನ್ನು ಒಪ್ಪುವವರೂ ಒಪ್ಪದವರೂ, ಪುನರ್ಜನ್ಮವನ್ನು ನಂಬುವವರೂ ನಂಬದವರೂ ಈ ಒಂದೆಡೆಯಲ್ಲಿ ಒಟ್ಟಾಗಿ ನಿಲ್ಲುವರು. ಆದರೆ ‘ಈ ಜೀವವು ಸತ್ತಿತು’ ಎಂಬ ತಿಳಿವಳಿಕೆ ನಮಗೆ ಯಾವ ಪ್ರಮಾಣದಿಂದ ಬರುತ್ತದೆ ಎಂದು ವಿಚಾರಿಸಿದವರು ಕಡಮೆ. ಉಸಿರು ನಿಂತದ್ದು ಕಣ್ಣಿಗೆ ಕಾಣುತ್ತದೆ. ಮೈ ತಣ್ಣಗಾದದ್ದು ಕೈಗೆ ತಿಳಿಯುತ್ತದೆ. ಕಣ್ಣಿನ ಪಾಪೆ ದೀಪಕ್ಕೆ ಕುಗ್ಗದಿರುವುದು ವೈದ್ಯನಿಗೆ ಗೊತ್ತಾಗುತ್ತದೆ. ಇವೆಲ್ಲ ಮರಣದ ಕುರುಹುಗಳು. ಮರಣವನ್ನೇ ಇಂದ್ರಿಯದಿಂದ ಗ್ರಹಿಸಿದವರು ಯಾರೂ ಇಲ್ಲ. ಕುರುಹಿನ, ಅಂದರೆ ಹೇತುವಿನ, ಮೂಲಕ ಕುರುಹುಳ್ಳದ್ದನ್ನು ಅರಿಯುವುದನ್ನು ನಮ್ಮ ನೈಯಾಯಿಕರು ಅನುಮಾನಪ್ರಮಾಣವೆಂದು ಕರೆದರು. ಹಾಗಿರುವಲ್ಲಿ ಮರಣದ ಜ್ಞಾನವೆಂಬುದು ಆದ್ಯಂತವಾಗಿ ಅನುಮಿತಿಯೇ ಆಗಿದ್ದು, ಅನುಮಿತಿಗೆ ಬರಬಹುದಾದ ಸಕಲ ದೋಷಗಳಿಗೂ ಅದು ಒಳಪಟ್ಟಿರತಕ್ಕದ್ದೆಂಬುದು ಸ್ಪಷ್ಟವಷ್ಟೆ.

ಈ ವಿಚಾರವನ್ನು ಮನುಷ್ಯನ ಮರಣವನ್ನಿಟ್ಟುಕೊಂಡು ಆರಂಭಿಸಿದರೆ ಶೋಕ, ಭಯ, ಸಂಸ್ಕಾರ, ಬಂಧುಭಾವ ಮೊದಲಾದುವೆಲ್ಲ ನಡುವೆ ಬಂದು ಬುದ್ಧಿಯನ್ನು ಕಲಕುತ್ತವೆ. ಆದುದರಿಂದ ನಾನು ಒಂದೇ ಒಂದು ಜೀವಕೋಶದ ಮರಣವನ್ನು ಮೊದಲು ತೆಗೆದುಕೊಳ್ಳುತ್ತೇನೆ. ಪ್ರಾಯಕ್ಕೆ ಬಂದ ಮನುಷ್ಯನ ದೇಹದಲ್ಲಿ ದಿನವೊಂದಕ್ಕೆ ಸಾವಿರಾರು ಕೋಟಿ ಕೋಶಗಳು ಅಳಿಯುತ್ತವೆ. ಆತನಿಗೆ ಅದರ ಅರಿವಿಲ್ಲ, ಅವುಗಳಿಗಾಗಿ ಅಳುವವರಿಲ್ಲ. ಅವುಗಳೊಳಗೆ ಅನೇಕವು ಹೊರಗಿನ ಪೆಟ್ಟಿನಿಂದಾಗಲಿ ವಿಷದಿಂದಾಗಲಿ ಸಾಯದೆ, ತಮ್ಮೊಳಗೇ ಹುಟ್ಟಿನಿಂದ ಅಡಗಿರುವ ಒಂದು ವ್ಯವಸ್ಥೆಯನ್ನನುಸರಿಸಿ ಕ್ರಮಕ್ರಮವಾಗಿ ಕಳಚಿಕೊಳ್ಳುತ್ತವೆ. ವಿಜ್ಞಾನಿಗಳು ಅಪೊಪ್ಟೋಸಿಸ್ ಎಂದು ಕರೆಯುವ ಈ ಪೂರ್ವನಿಯೋಜಿತ ಮರಣವನ್ನು ಪತ್ತೆಹಚ್ಚಲು ಕಳೆದ ಅರ್ಧ ಶತಮಾನಕ್ಕೂ ಮೀರಿದ ಕಾಲದಲ್ಲಿ ಪ್ರಯೋಗಾಲಯಗಳು ರೂಪಿಸಿಕೊಂಡ ಉಪಾಯಗಳ ಚರಿತ್ರೆಯು, ನನ್ನ ದೃಷ್ಟಿಯಲ್ಲಿ, ಪ್ರಮಾಣಶಾಸ್ತ್ರದ ಒಂದು ಜೀವಂತ ಅಧ್ಯಾಯವೇ ಆಗಿದೆ. ಶಾಸ್ತ್ರಾಧ್ಯಯನ ಮಾಡುವವರೂ ಜೀವವಿಜ್ಞಾನ ಕಲಿಯುವವರೂ ಅದನ್ನು ಒಟ್ಟಿಗೆ ಕುಳಿತು ಓದದಿರುವುದು ಉಭಯರಿಗೂ ನಷ್ಟ.

ಮೊದಲ ಸಾಧನ ಕಣ್ಣು. 1842ರಷ್ಟು ಹಿಂದೆಯೇ ಕಾರ್ಲ್ ಫೋಗ್ಟ್ ಎಂಬ ಪ್ರಾಣಿವಿಜ್ಞಾನಿ ಕಪ್ಪೆಯ ಜಾತಿಯ ಪ್ರಾಣಿಯೊಂದರ ಬೆಳವಣಿಗೆಯಲ್ಲಿ ಕೋಶಗಳು ಸಹಜವಾಗಿಯೇ ಅಳಿಯುವುದನ್ನು ಗುರುತಿಸಿದ್ದನು. 1885ರಲ್ಲಿ ವಾಲ್ಟರ್ ಫ್ಲೆಮಿಂಗನು ಅಂಡಾಶಯದ ಕೋಶಗಳಲ್ಲಿ ಕೋಶಕೇಂದ್ರವು ಒಡೆದು ಚೂರಾಗುವ ಚಿತ್ರಗಳನ್ನು ಬಿಡಿಸಿದನು. ಆದರೆ ಇದು ರೋಗದಿಂದಾಗುವ ಸಾವಿಗಿಂತ ಬೇರೊಂದು ಜಾತಿಯ ಸಾವು ಎಂಬ ತಿಳಿವು ಬಹುಕಾಲ ನೆಲೆಗೊಳ್ಳಲಿಲ್ಲ. ಆಸ್ಟ್ರೇಲಿಯದ ಜಾನ್ ಕೆರ್ 1960ರ ದಶಕದಲ್ಲಿ ಇಲಿಗಳ ಯಕೃತ್ತಿಗೆ ರಕ್ತವನ್ನೊಯ್ಯುವ ಸಿರೆಯ ಕವಲುಗಳನ್ನು ಕಟ್ಟಿ, ರಕ್ತ ಕಡಮೆಯಾದ ಆ ಭಾಗವು ಹೇಗೆ ಸೊರಗುವುದೆಂದು ನೋಡುತ್ತಿದ್ದಾಗ, ಅಲ್ಲಿ ಎರಡು ರೀತಿಯಲ್ಲಿ ಕೋಶಗಳು ಸಾಯುತ್ತಿರುವುದನ್ನು ಕಂಡರು. ಒಂದು ರೀತಿಯಲ್ಲಿ ಕೋಶವು ಊದಿಕೊಂಡು, ಪೊರೆ ಬಿರಿದು, ಒಳಗಿನದೆಲ್ಲ ಹೊರಗೆ ಚೆಲ್ಲಿ, ಸುತ್ತಮುತ್ತ ಉರಿಯೂತವನ್ನೆಬ್ಬಿಸುತ್ತಿತ್ತು, ಇದು ನೆಕ್ರೋಸಿಸ್. ಇನ್ನೊಂದು ರೀತಿಯಲ್ಲಿ ಕೋಶವು ಕುಗ್ಗಿ, ಕೇಂದ್ರದ ದ್ರವ್ಯವು ಗಟ್ಟಿಗೊಂಡು ಅಂಚಿಗೆ ಸರಿದು, ಮೈಯೆಲ್ಲ ಪೊರೆಯಿಂದ ಮುಚ್ಚಿದ ಚಿಕ್ಕ ಚಿಕ್ಕ ತುಣುಕುಗಳಾಗಿ ಬೇರ್ಪಟ್ಟು, ನೆರೆಯ ಕೋಶಗಳೊಳಗೆ ಸೇರಿಹೋಗುತ್ತಿತ್ತು. ಉರಿಯೂತದ ಸುಳಿವೇ ಇಲ್ಲ. ಅಬರ್ಡೀನಿನ ಆಂಡ್ರ್ಯೂ ವೈಲಿ, ಅಲಸ್ಟೇರ್ ಕರಿ ಇವರೊಡನೆ ಕೂಡಿ ಕೆರ್ 1972ರಲ್ಲಿ ಬ್ರಿಟಿಷ್ ಜರ್ನಲ್ ಆಫ್ ಕ್ಯಾನ್ಸರ್ ಪತ್ರಿಕೆಯಲ್ಲಿ ಪ್ರಕಟಿಸಿದ ಲೇಖನವು ಈ ಎರಡನೆಯ ಮರಣವನ್ನು ಜೀವವ್ಯವಸ್ಥೆಯ ಒಂದು ಮೂಲಭೂತ ಅಂಗವೆಂದು ಸ್ಥಾಪಿಸಿತು.

ಕಣ್ಣು ತೋರಿಸಿದ್ದು ದೊಡ್ಡದು. ಕಣ್ಣಿನ ಮಿತಿಯೂ ಅಷ್ಟೇ ದೊಡ್ಡದು. ಹೀಗೆ ಸಾಯುವ ಕೋಶವು ಸೂಕ್ಷ್ಮದರ್ಶಕಕ್ಕೆ ಗೋಚರವಾಗಿರುವುದು ಕೆಲವೇ ಗಂಟೆಗಳ ಕಾಲ. ಸಮಾರಾಧನೆಯ ಮನೆಯಲ್ಲಿ ಪಂಕ್ತಿ ಎದ್ದೊಡನೆ ಎಲೆಗಳನ್ನು ತೆಗೆದು ನೆಲವನ್ನು ಸಾರಿಸಿಬಿಟ್ಟರೆ, ತಡವಾಗಿ ಬಂದವನಿಗೆ ಅಲ್ಲಿ ಎಷ್ಟು ಮಂದಿ ಉಂಡರೆಂಬುದು ಹೇಗೆ ತಿಳಿಯದೋ ಹಾಗೆಯೇ, ಅಂಗಾಂಶದ ಒಂದು ತೆಳುಪದರವನ್ನು ಕತ್ತರಿಸಿ ನೋಡುವವನಿಗೆ ಒಂದೆರಡು ಕೋಶಗಳು ಮಾತ್ರ ಸಾಯುವ ಸ್ಥಿತಿಯಲ್ಲಿ ಕಂಡಾವು. ಆ ಒಂದು ದಿನದಲ್ಲಿ ಅಲ್ಲಿ ಅಳಿದುಹೋದುವುಗಳ ಸಂಖ್ಯೆ ಅದರ ಎಷ್ಟೋ ಮಡಿ ಇದ್ದೀತು. ಎದೆಗೂಡಿನಲ್ಲಿರುವ ಥೈಮಸ್ ಗ್ರಂಥಿಯಲ್ಲಿ ಹುಟ್ಟುವ ರಕ್ಷಕಕೋಶಗಳೊಳಗೆ 100ಕ್ಕೆ 90ಕ್ಕೂ ಮೀರಿದುವು ಹೊರಲೋಕವನ್ನು ಕಾಣದೆ ಅಲ್ಲಿಯೇ ಲಯಿಸುವುವು. ಆದರೂ ಆರೋಗ್ಯವಂತ ಪ್ರಾಣಿಯ ಥೈಮಸ್ಸನ್ನು ನೋಡಿದರೆ ಅದು ಶ್ಮಶಾನದಂತೆ ಕಾಣುವುದಿಲ್ಲ. ಕ್ರಮಬದ್ಧವಾದ ಮರಣವು ತನ್ನ ಗುರುತನ್ನು ತಾನೇ ಅಳಿಸಿಕೊಳ್ಳುತ್ತದೆ. ಆದುದರಿಂದಲೇ ಅದನ್ನು ಮನುಷ್ಯನು ಇಷ್ಟು ತಡವಾಗಿ ಕಂಡುಕೊಂಡನು.

ಇನ್ನು ಪ್ರಯೋಗಾಲಯಗಳ ಅತ್ಯಂತ ಸರಳವಾದ ಉಪಾಯವನ್ನು ನೋಡೋಣ. ಕೋಶಗಳಿರುವ ದ್ರವಕ್ಕೆ ಟ್ರಿಪಾನ್ ನೀಲಿಯೆಂಬ ಬಣ್ಣವನ್ನು ಬೆರೆಸುತ್ತಾರೆ. ಬದುಕಿರುವ ಕೋಶದ ಪೊರೆಯು ಬಣ್ಣವನ್ನು ಒಳಕ್ಕೆ ಬಿಡದೆ ಕೋಶವು ತಿಳಿಯಾಗಿಯೇ ಉಳಿಯುತ್ತದೆ. ಸತ್ತ ಕೋಶದ ಪೊರೆಗೆ ಆ ಸಾಮರ್ಥ್ಯವಿಲ್ಲದೆ ಅದು ನೀಲಿಗಟ್ಟುತ್ತದೆ. ಇಲ್ಲಿ ನಾವು ಅರಿತದ್ದೇನು? ತಡೆಯುವ ಶಕ್ತಿಯೊಂದು ಇರಬೇಕಾದೆಡೆಯಲ್ಲಿ ಇಲ್ಲವೆಂಬುದನ್ನು. ಇಲ್ಲದಿರುವಿಕೆಯೂ ಒಂದು ಪದಾರ್ಥವೇ, ಅದೂ ಜ್ಞಾನಕ್ಕೆ ವಿಷಯವೇ ಎಂದು ಸಾಧಿಸಿದುದು ನಮ್ಮ ದರ್ಶನಕಾರರ ಒಂದು ದೊಡ್ಡ ಸಾಹಸ. ಅಭಾವವನ್ನು ಅರಿಯಲು ಅನುಪಲಬ್ಧಿಯೆಂಬ ಬೇರೊಂದು ಪ್ರಮಾಣವೇ ಬೇಕೆಂದು ಭಾಟ್ಟ ಮೀಮಾಂಸಕರೂ, ಅದು ಬೇಕಿಲ್ಲವೆಂದು ನೈಯಾಯಿಕರೂ ಶತಮಾನಗಳ ಕಾಲ ವಾದಿಸಿದರು. ಆ ಜಗಳವಿರಲಿ, ಅಭಾವಗಳೊಳಗೆ ಪ್ರಧ್ವಂಸಾಭಾವವೆಂಬುದಕ್ಕೆ ಅವರು ಕೊಟ್ಟ ಲಕ್ಷಣವನ್ನು ಮಾತ್ರ ಓದುಗರು ನೆನಪಿನಲ್ಲಿಟ್ಟುಕೊಳ್ಳಬೇಕೆಂದು ಬೇಡುತ್ತೇನೆ. ಗಡಿಗೆಯು ಒಡೆದ ಮೇಲೆ ಉಂಟಾಗುವ ಗಡಿಗೆಯ ಇಲ್ಲದಿರುವಿಕೆಗೆ ಆದಿಯುಂಟು, ಅಂತವಿಲ್ಲ. ಒಡೆದ ಆ ಗಡಿಗೆಯೇ ಮತ್ತೆ ಬರುವುದಿಲ್ಲ. ಮರಣವು ಈ ಜಾತಿಗೆ ಸೇರಿದ ಅಭಾವ. ಮುಂದೆ ಈ ಮಾತಿನಿಂದ ನಮಗೆ ಪ್ರಯೋಜನವಿದೆ.

ಟ್ರಿಪಾನ್ ನೀಲಿಯು ಸತ್ತಿತೆಂದು ಹೇಳಬಲ್ಲುದು. ಯಾವ ದಾರಿಯಿಂದ ಸತ್ತಿತೆಂದು ಹೇಳಲಾರದು. ದಾರಿಯನ್ನು ಹೇಳುವ ಮೊದಲ ರಾಸಾಯನಿಕ ಸಾಕ್ಷ್ಯವನ್ನು 1980ರಲ್ಲಿ ವೈಲಿಯವರೇ ಒದಗಿಸಿದರು. ಕೋಶಕೇಂದ್ರದಲ್ಲಿ ಡಿಎನ್ಎಯ ನೂಲು ಹಿಸ್ಟೋನ್ ಎಂಬ ಪ್ರೋಟೀನುಗಳ ಉಂಡೆಗಳಿಗೆ ಸುತ್ತಿಕೊಂಡಿರುತ್ತದೆ. ನಿಯೋಜಿತ ಮರಣದಲ್ಲಿ ಒಂದು ಕಿಣ್ವವು ಉಂಡೆ ಉಂಡೆಗಳ ನಡುವಣ ಬಯಲು ಭಾಗದಲ್ಲಿ ಮಾತ್ರ ನೂಲನ್ನು ಕತ್ತರಿಸುವುದರಿಂದ, ತುಂಡುಗಳ ಉದ್ದವು ಸುಮಾರು 180ರಿಂದ 200 ಬೇಸ್ ಜೋಡಿಗಳಷ್ಟು, ಇಲ್ಲವೆ ಅದರ ಎರಡು ಮೂರು ನಾಲ್ಕು ಮಡಿಯಷ್ಟು ಇರುತ್ತದೆ. ಅಗರೋಸ್ ಜೆಲ್ಲಿನಲ್ಲಿ ವಿದ್ಯುತ್ತನ್ನು ಹರಿಯಿಸಿದಾಗ ಈ ತುಂಡುಗಳು ಮೆಟ್ಟಿಲು ಮೆಟ್ಟಿಲಾಗಿ ನಿಂತು ಏಣಿಯೊಂದರ ಆಕಾರ ಮೂಡುವುದು. ನೆಕ್ರೋಸಿಸ್ಸಿನಿಂದ ಸತ್ತ ಕೋಶದ ಡಿಎನ್ಎಯು ಅಡ್ಡಾದಿಡ್ಡಿಯಾಗಿ ಹರಿದು, ಜೆಲ್ಲಿನಲ್ಲಿ ಒಂದು ಮಸಕು ಪಟ್ಟಿಯಷ್ಟೇ ಉಳಿಯುವುದು. ಪ್ರಕೃತಿಯು ಅಳಿಯುವಾಗಲೂ ಅಳತೆಯನ್ನು ಬಿಡದಿರುವುದನ್ನು ಇಷ್ಟು ಪ್ರಸನ್ನವಾಗಿ ತೋರಿಸುವ ಇನ್ನೊಂದು ಚಿತ್ರವನ್ನು ನಾನು ಅರಿಯೆ. ಆದರೂ ಈ ಏಣಿಗೆ ಎರಡು ಕೊರತೆಗಳುಂಟು. ಅದು ಬಹುಸಂಖ್ಯೆಯ ಕೋಶಗಳ ಒಟ್ಟು ಮಾತು. ಯಾವ ಒಂದು ಕೋಶ ಸತ್ತಿತೆಂದು ಅದು ಬೆರಳಿಟ್ಟು ತೋರಿಸದು. ಮೇಲಾಗಿ ಕೆಲವು ಬಗೆಯ ಕೋಶಗಳು ಇದೇ ಮರಣವನ್ನು ಹೊಂದಿಯೂ ಡಿಎನ್ಎಯನ್ನು ದೊಡ್ಡ ದೊಡ್ಡ ತುಂಡುಗಳಾಗಿಸಿ ನಿಲ್ಲಿಸುತ್ತವೆ. ಅಲ್ಲಿ ಏಣಿ ಮೂಡುವುದೇ ಇಲ್ಲ.

ಮೊದಲ ಕೊರತೆಯನ್ನು ನೀಗಿದವರು ಜೆರುಸಲೇಮಿನ ಗಾವ್ರಿಯೇಲಿ, ಶರ್ಮನ್ ಮತ್ತು ಬೆನ್-ಸ್ಯಾಸನ್. ಕತ್ತರಿಸಿದ ಡಿಎನ್ಎಯ ತೆರೆದ ತುದಿಗಳಿಗೆ ಒಂದು ಕಿಣ್ವದ ಸಹಾಯದಿಂದ ಗುರುತಿನ ಕಣಗಳನ್ನು ಜೋಡಿಸುವ ಉಪಾಯವನ್ನು ಅವರು 1992ರಲ್ಲಿ ಪ್ರಕಟಿಸಿದರು. ಟ್ಯೂನೆಲ್ ಎಂದು ಅದು ಪ್ರಸಿದ್ಧ. ಅಂಗಾಂಶದ ಪದರದಲ್ಲಿ ಸಾಯುವ ಕೋಶವೊಂದು ನೆರೆಹೊರೆಯ ನಡುವೆ ಒಂಟಿಯಾಗಿ ಬೆಳಗಿ ಕಾಣತೊಡಗಿತು. ಜಗತ್ತಿನ ಪ್ರಯೋಗಾಲಯಗಳೆಲ್ಲ ಇದನ್ನು ಹಿಡಿದುಕೊಂಡು ಅಲ್ಲಿ ಸಾವು ಇಲ್ಲಿ ಸಾವು ಎಂದು ಸಾರತೊಡಗಿದುವು. ಕೆಲವೇ ವರ್ಷಗಳಲ್ಲಿ ಎಚ್ಚರಿಕೆಯ ಮಾತುಗಳೂ ಬಂದುವು: ತೆರೆದ ತುದಿಗಳು ನೆಕ್ರೋಸಿಸ್ಸಿನಲ್ಲಿಯೂ ಉಂಟು, ದೇಹದಿಂದ ತೆಗೆದ ಅಂಗಾಂಶವನ್ನು ತಕ್ಷಣ ಕೆಡದಂತೆ ಕಾಪಾಡದಿದ್ದರೆ ಅಲ್ಲಿಯೂ ಉಂಟು, ಒಡೆದ ಡಿಎನ್ಎಯನ್ನು ರಿಪೇರಿ ಮಾಡಿಕೊಳ್ಳುತ್ತ ಬದುಕಲೆಳಸುವ ಕೋಶದಲ್ಲಿಯೂ ಉಂಟು.

ತರ್ಕಸಂಗ್ರಹವನ್ನು ಓದಿದ ಯಾವ ವಿದ್ಯಾರ್ಥಿಗಾದರೂ ಇದು ಸವ್ಯಭಿಚಾರವೆಂಬ ಹೇತ್ವಾಭಾಸವೆಂದು, ಅಂದರೆ ಸಾಧಿಸಬೇಕಾದುದು ಇಲ್ಲದೆಡೆಯಲ್ಲಿಯೂ ಕುರುಹು ಕಾಣಿಸಿಕೊಳ್ಳುವ ದೋಷವೆಂದು, ಕೂಡಲೆ ತಿಳಿಯುವುದು. ಬೆಟ್ಟದಲ್ಲಿ ಹೊಗೆಯನ್ನು ಕಂಡು ಬೆಂಕಿಯನ್ನು ಊಹಿಸಬಹುದು, ಹೊಗೆಯಿದ್ದಲ್ಲೆಲ್ಲ ಬೆಂಕಿಯುಂಟು; ಈ ನಿಯತಸಂಬಂಧಕ್ಕೆ ವ್ಯಾಪ್ತಿಯೆಂದು ಹೆಸರು. ಬೆಂಕಿಯನ್ನು ಕಂಡು ಹೊಗೆಯನ್ನು ಊಹಿಸಲಾಗದು. ಕೆಂಪಗೆ ಕಾದ ಕಬ್ಬಿಣದ ಗುಂಡಿನಲ್ಲಿ ಬೆಂಕಿಯುಂಟು, ಹೊಗೆಯಿಲ್ಲ. ಬೆಂಕಿಯೊಡನೆ ಹಸಿ ಸೌದೆಯೂ ಸೇರಿದಾಗಲೇ ಹೊಗೆ ಏಳುವುದು. ಆ ಹಸಿ ಸೌದೆಯ ಸಂಬಂಧಕ್ಕೆ ಉಪಾಧಿಯೆಂದು ಹೆಸರು. ಡಿಎನ್ಎ ತುಂಡಾಗಿದೆ, ಆದುದರಿಂದ ನಿಯೋಜಿತ ಮರಣ ಎನ್ನುವವನು ಬೆಂಕಿಯಿಂದ ಹೊಗೆಯನ್ನು ಊಹಿಸುವವನ ದಾರಿಯಲ್ಲಿದ್ದಾನೆ. ಪ್ರಯೋಗಾಲಯದ ಪ್ರಾಮಾಣಿಕ ಕೆಲಸಗಾರನು ಪ್ರತಿಯೊಂದು ಪರೀಕ್ಷೆಗೂ ಜೊತೆಯಲ್ಲಿ ಸತ್ತದ್ದೆಂದು ಖಚಿತವಾದ ಒಂದು ಮಾದರಿಯನ್ನೂ ಬದುಕಿರುವುದೆಂದು ಖಚಿತವಾದ ಇನ್ನೊಂದನ್ನೂ ಇಟ್ಟುಕೊಳ್ಳುವುದು ಉಪಾಧಿಯ ಶೋಧನೆಯೇ ಆಗಿದೆ; ನಮ್ಮವರು ಆ ಎರಡು ಮಾದರಿಗಳನ್ನು ಸಪಕ್ಷ, ವಿಪಕ್ಷ ಎಂದರು. ಹೇತುವು ಸಪಕ್ಷದಲ್ಲಿ ಇರಬೇಕು, ವಿಪಕ್ಷದಲ್ಲಿ ಇರಬಾರದು ಎಂಬ ವಿಧಿಯನ್ನು ಪಾಲಿಸದ ಪ್ರಯೋಗವು, ಅದರ ಉಪಕರಣಕ್ಕೆ ಎಷ್ಟು ಹಣ ಸುರಿದಿದ್ದರೂ, ಪ್ರಯೋಗವಲ್ಲ.

ಮುಂದಿನ ಉಪಾಯವು ನನಗೆ ಇವೆಲ್ಲಕ್ಕಿಂತ ಗಂಭೀರವಾಗಿ ತೋರುತ್ತದೆ. ಕೋಶಪೊರೆಗೆ ಒಳಮೈ ಹೊರಮೈ ಎಂಬ ಎರಡು ಪದರಗಳುಂಟು. ಫಾಸ್ಫಟೈಡಿಲ್‌ಸೆರೀನ್ ಎಂಬ ಒಂದು ಮೇದದ್ರವ್ಯವನ್ನು ಬದುಕಿರುವ ಕೋಶವು ಒಳಪದರದಲ್ಲಿಯೇ ಇಟ್ಟುಕೊಂಡಿರುತ್ತದೆ. ಅದು ಸುಮ್ಮನೆ ಅಲ್ಲಿ ನಿಲ್ಲತಕ್ಕದ್ದಲ್ಲ. ಹೊರಕ್ಕೆ ಜಾರಿದುದನ್ನು ಮತ್ತೆ ಮತ್ತೆ ಒಳಕ್ಕೆ ತಿರುಗಿಸಲು ಕೋಶವು ನಿರಂತರವಾಗಿ ಶಕ್ತಿಯನ್ನು ವ್ಯಯಮಾಡುತ್ತಿರುತ್ತದೆ. ನಿಯೋಜಿತ ಮರಣದ ಆರಂಭದಲ್ಲಿ ಈ ಕಾವಲು ನಿಂತು ಆ ದ್ರವ್ಯವು ಹೊರಮೈಗೆ ಬರುವುದು. ಅದನ್ನು ಗುರುತಿಸಿ ಭಕ್ಷಕಕೋಶಗಳು ಸಾಯುವ ಕೋಶವನ್ನು ನುಂಗುವುವೆಂದು ವ್ಯಾಲರಿ ಫ್ಯಾಡಕ್ ಮತ್ತು ಸಂಗಡಿಗರು 1992ರಲ್ಲಿ ತೋರಿಸಿದರು. ಅನೆಕ್ಸಿನ್-5 ಎಂಬ ಪ್ರೋಟೀನು ಕ್ಯಾಲ್ಸಿಯಮ್ಮಿನ ಸನ್ನಿಧಿಯಲ್ಲಿ ಇದೇ ದ್ರವ್ಯಕ್ಕೆ ಅಂಟಿಕೊಳ್ಳುತ್ತದೆ. ಅದಕ್ಕೆ ಹೊಳೆಯುವ ಹಸಿರು ಬಣ್ಣವನ್ನು ಕಟ್ಟಿ, ಜೊತೆಗೆ ಪ್ರೊಪಿಡಿಯಮ್ ಅಯೊಡೈಡ್ ಎಂಬ ಕೆಂಪು ಬಣ್ಣವನ್ನು ಹಾಕಿ, ಫ್ಲೋ ಸೈಟೊಮೀಟರಿನಲ್ಲಿ ಕೋಶಗಳನ್ನು ಒಂದರ ಹಿಂದೊಂದಾಗಿ ಲೇಸರ್ ಬೆಳಕಿನ ಮುಂದೆ ಹರಿಯಿಸುತ್ತಾರೆ. ಸೆಕೆಂಡಿಗೆ ಸಾವಿರಗಟ್ಟಲೆ ಕೋಶಗಳು ಹಾದುಹೋಗುತ್ತವೆ. ಕೆಂಪು ಬಣ್ಣವು ಪೊರೆ ಹರಿದ ಕೋಶವನ್ನು ಮಾತ್ರ ಹೊಗುವುದು. ಎರಡೂ ಬಣ್ಣವಿಲ್ಲದುದು ಬದುಕಿರುವ ಕೋಶ. ಹಸಿರು ಮಾತ್ರ ಹಿಡಿದುದು ಮರಣಮಾರ್ಗದಲ್ಲಿ ಕಾಲಿಟ್ಟ ಕೋಶ. ಹಸಿರೂ ಕೆಂಪೂ ಹಿಡಿದುದರ ಸಂಗತಿ?

ಇಲ್ಲಿಯೇ ತೊಡಕು. ಕ್ರಮವಾಗಿ ಸಾಯತೊಡಗಿದ ಕೋಶವನ್ನು ನುಂಗಲು ಗಾಜಿನ ತಟ್ಟೆಯಲ್ಲಿ ಯಾರೂ ಇಲ್ಲದಿದ್ದರೆ, ಕೊನೆಗೆ ಅದರ ಪೊರೆಯೂ ಬಿರಿಯುವುದು. ಆಗ ಅದಕ್ಕೂ ಪೆಟ್ಟು ತಿಂದು ಸತ್ತ ಕೋಶಕ್ಕೂ ಬಣ್ಣದಲ್ಲಿ ಭೇದವಿಲ್ಲ. ಪೊರೆ ಹರಿದ ಮೇಲೆ ಅನೆಕ್ಸಿನ್ನು ಒಳಗೇ ನುಗ್ಗಿ ಒಳಪದರವನ್ನು ಮುಟ್ಟಬಲ್ಲುದು. ಒಂದು ಗಂಟೆ ಮೊದಲು ನೋಡಿದ್ದರೆ ಸತ್ಯವನ್ನು ಹೇಳುತ್ತಿದ್ದ ಗುರುತು, ಈಗ ಮೌನವಾಗುತ್ತದೆ. ಗೌತಮನ ನ್ಯಾಯಸೂತ್ರಗಳು ಐದು ಹೇತ್ವಾಭಾಸಗಳೊಳಗೆ ಕಾಲಾತೀತವೆಂಬ ಒಂದನ್ನು ಎಣಿಸಿರುವುದನ್ನು ಕಂಡು, ಕಾಲ ಮೀರಿದ್ದು ಹೇತುವಿನ ದೋಷವಾಗುವುದು ಹೇಗೆ ಎಂದು ಅನೇಕರು ಶಂಕಿಸುವರು. ಅದಕ್ಕೆ ಸಮಾಧಾನವು ಈ ಯಂತ್ರದ ಚಿತ್ರಪಟದಲ್ಲಿ ಎರಡೂ ಬಣ್ಣ ಹಿಡಿದ ಕೋಶಗಳು ಬಂದು ಬೀಳುವ ಮೇಲ್ಭಾಗದ ಬಲಮೂಲೆಯಲ್ಲಿ ದೊರೆಯುವುದು. ಇದಲ್ಲದೆ ರಕ್ತವನ್ನು ಹೆಪ್ಪುಗಟ್ಟಿಸಲು ಸಿದ್ಧವಾದ ಪ್ಲೇಟ್‌ಲೆಟ್ಟುಗಳೂ ಇದೇ ದ್ರವ್ಯವನ್ನು ಹೊರಮೈಗೆ ತರುತ್ತವೆ. ಗಾಯವನ್ನು ಮುಚ್ಚಲು ಸನ್ನದ್ಧವಾಗುವ ಕಣವು ಸಾಯುವ ಕೋಶದ ಗುರುತನ್ನೇ ಧರಿಸುತ್ತದೆ. ವ್ಯಭಿಚಾರವು ಮತ್ತೊಮ್ಮೆ ತಲೆಯೆತ್ತಿತು.

ಕಾರ್ಯವನ್ನು ನೋಡಿ ಕಾರಣವನ್ನು ಊಹಿಸುವುದರಲ್ಲಿ ಇಷ್ಟು ಅಡಚಣೆಗಳಿರುವಾಗ ಕಾರಣವನ್ನೇ ಹಿಡಿಯಬಾರದೇಕೆ ಎಂದು ವಿಜ್ಞಾನಿಗಳು ಯೋಚಿಸಿದರು. ಈ ಮರಣವನ್ನು ನಡಸುವ ಕಿಣ್ವಗಳಿಗೆ ಕ್ಯಾಸ್ಪೇಸ್ ಎಂದು ಹೆಸರು. ಅವು ಪ್ರತಿಯೊಂದು ಜೀವಂತ ಕೋಶದಲ್ಲಿಯೂ ನಿಷ್ಕ್ರಿಯರೂಪದಲ್ಲಿ ಸಿದ್ಧವಾಗಿರುತ್ತವೆ. ಕರೆ ಬಂದಾಗ ಒಂದು ಇನ್ನೊಂದನ್ನು ಕತ್ತರಿಸಿ ಎಚ್ಚರಿಸುವುದು. ಎಚ್ಚತ್ತ ಕ್ಯಾಸ್ಪೇಸ್-3 ಕೋಶದ ನೂರಾರು ಪ್ರೋಟೀನುಗಳನ್ನು ಆಸ್ಪಾರ್ಟಿಕ್ ಆಮ್ಲವಿರುವ ಸ್ಥಾನಗಳಲ್ಲಿ ಆರಿಸಿ ಕತ್ತರಿಸುವುದು. ಡಿಎನ್ಎಯ ರಿಪೇರಿಗೆ ನೆರವಾಗುವ ಪಾರ್ಪ್ ಎಂಬ ಪ್ರೋಟೀನು 116 ಕಿಲೋಡಾಲ್ಟನ್ ತೂಕದಿಂದ 89ಕ್ಕೆ ಇಳಿದುದನ್ನು ವೆಸ್ಟರ್ನ್ ಬ್ಲಾಟಿನಲ್ಲಿ ತೋರಿಸುವುದು, ಕತ್ತರಿಸಲ್ಪಟ್ಟ ಕ್ಯಾಸ್ಪೇಸ್-3ನ್ನು ಮಾತ್ರ ಹಿಡಿಯುವ ಪ್ರತಿಕಾಯವನ್ನು ಬಳಸುವುದು, ಇವು ಇಂದಿನ ನಿತ್ಯಪದ್ಧತಿಗಳು. ನೈಯಾಯಿಕರು ಹೇಳುವ ಅನುಮಾನದ ಬಗೆಗಳೊಳಗೆ, ಉಬ್ಬಿದ ನದಿಯನ್ನು ಕಂಡು ಮೇಲೆ ಮಳೆಯಾಯಿತೆಂದು ಊಹಿಸುವುದು ಶೇಷವತ್. ಮುಗಿಲು ಕವಿದುದನ್ನು ಕಂಡು ಮಳೆಯಾಗುವುದೆಂದು ಊಹಿಸುವುದು ಪೂರ್ವವತ್. ಡಿಎನ್ಎಯ ಏಣಿಯಿಂದ ಕ್ಯಾಸ್ಪೇಸಿಗೆ ಬಂದ ಜೀವವಿಜ್ಞಾನವು ಶೇಷವತ್ತಿನಿಂದ ಪೂರ್ವವತ್ತಿಗೆ ಬಂದಂತಾಯಿತು. ಆದರೆ ಕವಿದ ಮುಗಿಲೆಲ್ಲ ಸುರಿಯುವುದಿಲ್ಲ. ಹಣ್ಣುನೊಣದ ವೀರ್ಯಾಣುಗಳು ಒಂದರಿಂದೊಂದು ಬೇರ್ಪಟ್ಟು ಪಕ್ವವಾಗುವಾಗ ಕ್ಯಾಸ್ಪೇಸುಗಳು ಕೆಲಸ ಮಾಡುತ್ತವೆ. ಅಲ್ಲಿ ಯಾರೂ ಸಾಯುವುದಿಲ್ಲ.

2012ರಲ್ಲಿ ಇದಕ್ಕಿಂತಲೂ ಆಶ್ಚರ್ಯಕರವಾದ ಸಂಗತಿಯೊಂದು ಹೊರಬಂದಿತು. ಡೆನಿಸ್ ಮಾಂಟೆಲ್ ಅವರ ಪ್ರಯೋಗಾಲಯದವರು ಕೋಶಗಳಿಗೆ ಮದ್ಯಸಾರವೇ ಮೊದಲಾದ ವಿಷವನ್ನು ಕೊಟ್ಟು, ಅವು ಕುಗ್ಗಿ, ಕ್ಯಾಸ್ಪೇಸುಗಳು ಎಚ್ಚತ್ತು, ಕೇಂದ್ರದ್ರವ್ಯ ಗಟ್ಟಿಗೊಂಡು, ಪೊರೆಯ ಮೇಲೆ ಬೊಬ್ಬೆಗಳೆದ್ದು, ಮರಣದ ಪ್ರಸಿದ್ಧ ಲಕ್ಷಣಗಳು ಮೂಡಿದ ಮೇಲೆ ವಿಷವನ್ನು ತೊಳೆದುಬಿಟ್ಟರು. ಬಹುಪಾಲು ಕೋಶಗಳು ಚೇತರಿಸಿಕೊಂಡುವು. ಮತ್ತೆ ಹರಡಿ ಬೆಳೆದುವು. ಅವುಗಳೊಳಗೆ ಕೆಲವು ಮಾತ್ರ ಡಿಎನ್ಎಯಲ್ಲಿ ಗಾಯದ ಕಲೆಯನ್ನು ಹೊತ್ತು ಮುಂದುವರಿದುವು.

ಸತ್ತದ್ದು ಬದುಕಿತೆ? ಹಾಗೆನ್ನುವುದು ಅವಿಚಾರ. ಪ್ರಧ್ವಂಸಾಭಾವಕ್ಕೆ ಅಂತವಿಲ್ಲವಾದುದರಿಂದ, ಹಿಂದಿರುಗಿ ಬಂದದ್ದು ಸತ್ತಿರಲಿಲ್ಲವೆಂದೇ ಹೇಳಬೇಕು. ಹಾಗಾದರೆ ನಾವು ಈವರೆಗೆ ಮರಣದ ಗುರುತೆಂದುಕೊಂಡ ಏಣಿ, ಬಣ್ಣ, ಕಿಣ್ವ ಇವೆಲ್ಲವೂ ಮರಣಮಾರ್ಗದ ಗುರುತುಗಳೇ ಹೊರತು ಮರಣದ ಗುರುತುಗಳಲ್ಲ. ಮರಣದ ಲಕ್ಷಣವು ಒಂದೇ, ಮತ್ತೆ ಬಾರದಿರುವಿಕೆ. ಅದು ಭವಿಷ್ಯತ್ತಿಗೆ ಸೇರಿದ್ದು, ಯಾವ ಯಂತ್ರಕ್ಕೂ ಗೋಚರವಲ್ಲ. ಹುಟ್ಟಿನ ವಿಷಯದಲ್ಲಿ ಈ ಕಷ್ಟವಿಲ್ಲ. ಹುಟ್ಟಿದುದನ್ನು ಎದುರಿಗೆ ಇಟ್ಟುಕೊಂಡು ನೋಡಬಹುದು. ಮರಣವನ್ನು ಕುರಿತು ನಾವು ಎಷ್ಟೇ ದೃಢವಾಗಿ ಮಾತಾಡಿದರೂ, ಆ ದಾರ್ಢ್ಯವು ವ್ಯಾಪ್ತಿಯ ಮೇಲೆ ನಿಂತದ್ದು, ದರ್ಶನದ ಮೇಲಲ್ಲ. ಇದು ಈ ಲೇಖನದಲ್ಲಿ ನಾನು ಹೇಳಬೇಕೆಂದಿರುವ ಮುಖ್ಯ ಮಾತು.

ಕೋಶಮರಣದ ಪರಿಭಾಷೆಯನ್ನು ನಿರ್ಣಯಿಸಲು ಏರ್ಪಟ್ಟ ವಿದ್ವತ್ಸಮಿತಿಯೊಂದು 2009ರಲ್ಲಿ ಪ್ರಕಟಿಸಿದ ಸೂಚನೆಗಳನ್ನು ಓದಿದಾಗ ಈ ಸಂಕೋಚವನ್ನು ಅವರೂ ಅನುಭವಿಸಿರುವುದು ಕಾಣುತ್ತದೆ. ಕೋಶವು ಸತ್ತಿತೆನ್ನಲು ಅವರು ಒಪ್ಪಿದ ಸಂದರ್ಭಗಳು ಮೂರು: ಪೊರೆಯು ತನ್ನ ಅಖಂಡತೆಯನ್ನು ಕಳೆದುಕೊಂಡಿರಬೇಕು; ಇಲ್ಲವೆ ಕೇಂದ್ರಸಹಿತವಾಗಿ ಕೋಶವೇ ಪೂರ್ತಿಯಾಗಿ ತುಂಡುಗಳಾಗಿರಬೇಕು; ಇಲ್ಲವೆ ಅದರ ಅವಶೇಷವನ್ನು ನೆರೆಯ ಕೋಶವು ನುಂಗಿರಬೇಕು. ಮೂರನೆಯದನ್ನು ಗಮನಿಸಿರಿ. ಇಲ್ಲಿ ಒಂದರ ಮರಣವನ್ನು ಮುಗಿಸುವುದು ಇನ್ನೊಂದು. ಮಣ್ಣಿನಲ್ಲಿ ವಾಸಿಸುವ ಸಿ. ಎಲಿಗನ್ಸ್ ಎಂಬ ಒಂದು ಮಿಲಿಮೀಟರ್ ಉದ್ದದ ಹುಳುವಿನ ದೇಹದಲ್ಲಿ 1090 ಕೋಶಗಳು ಹುಟ್ಟಿ, ಅವುಗಳೊಳಗೆ 131 ನಿಯತವಾಗಿ ಸತ್ತು, 959 ಉಳಿಯುತ್ತವೆ. ಈ ಲೆಕ್ಕವನ್ನೂ ಅದರ ಹಿಂದಿರುವ ಜೀನುಗಳನ್ನೂ ಕಂಡುಹಿಡಿದುದಕ್ಕಾಗಿ ಬ್ರೆನ್ನರ್, ಸಲ್ಸ್ಟನ್, ಹಾರ್ವಿಟ್ಸ್ ಇವರಿಗೆ 2002ರಲ್ಲಿ ನೊಬೆಲ್ ಪಾರಿತೋಷಕ ಬಂದಿತು. ಇದೇ ಹುಳುವಿನಲ್ಲಿ, ನುಂಗುವ ಜೀನುಗಳು ಕೆಟ್ಟಿರುವಾಗ, ಸಾಯತೊಡಗಿದ ಕೆಲವು ಕೋಶಗಳು ಅರ್ಧದಾರಿಯಿಂದ ಹಿಂದಿರುಗಿ ಬದುಕಿಕೊಳ್ಳುವುವೆಂದು 2001ರಲ್ಲಿ ತಿಳಿದುಬಂದಿತು. ಇನ್ನೊಂದು ಕಡೆ, ಬಹುಕೋಶಪ್ರಾಣಿಯಲ್ಲಿ ಪ್ರತಿ ಕೋಶವೂ ನೆರೆಯವುಗಳಿಂದ ಬರುವ ಸಂಕೇತವಿರುವವರೆಗೆ ಮಾತ್ರ ಬದುಕಿರುವುದೆಂದೂ ಸಂಕೇತ ನಿಂತರೆ ತಾನಾಗಿ ಸಾಯುವುದೆಂದೂ ಮಾರ್ಟಿನ್ ರ‍್ಯಾಫ್ 1992ರಲ್ಲಿ ಪ್ರತಿಪಾದಿಸಿದ್ದರು. ಬದುಕಿಗೆ ನೆರೆಯವರ ಅನುಜ್ಞೆ ಬೇಕು, ಸಾವಿಗೂ ನೆರೆಯವರ ಕೈ ಬೇಕು ಎಂದಮೇಲೆ, ಸತ್ತದ್ದು ಯಾರು, ಕರ್ತೃತ್ವ ಯಾರದು ಎಂಬ ಪ್ರಶ್ನೆಗಳು ನಾವು ಭಾವಿಸಿದಷ್ಟು ಸುಲಭವಾಗಿ ಉತ್ತರ ಕೊಡವು.

ಈ ಸ್ಥಳದಲ್ಲಿ ಒಂದು ಪ್ರಲೋಭನವನ್ನು ಕುರಿತು ಎಚ್ಚರಿಸಬೇಕು. ಕೋಶವು ಸಮಷ್ಟಿಯ ಹಿತಕ್ಕಾಗಿ ಪ್ರಾಣತ್ಯಾಗ ಮಾಡುತ್ತದೆಂದು ಬರೆಯುವವರುಂಟು. ನಮ್ಮ ನಾಡಿನವರು ಇನ್ನೂ ಮುಂದೆ ಹೋಗಿ ಅದನ್ನು ಜೈನರ ಉಪವಾಸಮರಣದ ವ್ರತವಾದ ಸಲ್ಲೇಖನಕ್ಕೆ ಹೋಲಿಸಿಯಾರು. ಶ್ರವಣಬೆಳಗೊಳದ ಚಂದ್ರಗಿರಿಯ ಬಂಡೆಗಳ ಮೇಲೆ 7ನೆಯ ಶತಮಾನದ ಸುಮಾರಿನಿಂದ ಕೆತ್ತಿರುವ ಶಾಸನಗಳಲ್ಲಿ ವ್ರತದಿಂದ ಮುಡಿಪಿದ ಮುನಿಗಳ, ಕಂತಿಯರ ಹೆಸರುಗಳಿವೆ. ಆ ವ್ರತದಲ್ಲಿ ಬದುಕಬೇಕೆಂಬ ಆಸೆಯೂ ಅತಿಚಾರ, ಬೇಗ ಸಾಯಬೇಕೆಂಬ ಆಸೆಯೂ ಅತಿಚಾರ. ಎರಡು ಆಸೆಗಳೂ ಉದಿಸಬಲ್ಲ ಮನಸ್ಸಿದ್ದು ಅದು ಎರಡನ್ನೂ ಮೀರಿದಾಗ ಅದಕ್ಕೆ ಆ ಹೆಸರು ಸಲ್ಲುವುದು. ಕೋಶಕ್ಕೆ ಆಸೆಯಿಲ್ಲ, ಸಂಕಲ್ಪವಿಲ್ಲ, ಆದುದರಿಂದ ತ್ಯಾಗವೂ ಇಲ್ಲ. ಮುನಿಯ ಸಮಾಧಿಮರಣವನ್ನು ಕಿಣ್ವಗಳ ಸರಪಣಿಯೆಂದು ಇಳಿಸುವುದು ಎಷ್ಟು ತಪ್ಪೋ, ಕಿಣ್ವಗಳ ಸರಪಣಿಯನ್ನು ಮುನಿಯ ಪೀಠಕ್ಕೇರಿಸುವುದೂ ಅಷ್ಟೇ ತಪ್ಪು. ಸಾಯಲೊಲ್ಲದ ಕೋಶವು ಪಾಪಿಯೂ ಅಲ್ಲ; 1988ರಲ್ಲಿ ಮೆಲ್ಬರ್ನಿನ ವಾಕ್ಸ್, ಕೋರಿ, ಆಡಮ್ಸ್ ಇವರು ತೋರಿಸಿದಂತೆ, ಬಿಸಿಎಲ್-2 ಎಂಬ ಜೀನಿನ ಅತಿಯಾದ ಚಟುವಟಿಕೆಯು ಅದನ್ನು ಉಳಿಸುತ್ತದೆ, ಅರ್ಬುದರೋಗಕ್ಕೆ ದಾರಿಯಾಗುತ್ತದೆ. ಆ ಪ್ರೋಟೀನನ್ನು ತಡೆದು ಅರ್ಬುದಕೋಶಕ್ಕೆ ಸಾಯುವ ದಾರಿಯನ್ನು ಮತ್ತೆ ತೆರೆಯುವ ವೆನೆಟೊಕ್ಲ್ಯಾಕ್ಸ್ ಎಂಬ ಔಷಧಕ್ಕೆ ಅಮೆರಿಕದಲ್ಲಿ 2016ರಲ್ಲಿ ಅನುಮತಿ ದೊರೆಯಿತು.

ಗುರುತುಗಳೆಲ್ಲ ಒಂದಲ್ಲ ಒಂದು ಕಡೆ ಸೋಲುವುವಾದರೆ ಸಂಶಯವಾದವೇ ಗತಿಯೆ? ಪ್ರಯೋಗಾಲಯವು ಹಾಗೆ ಕೈಚೆಲ್ಲಲಿಲ್ಲ. ಒಂದೇ ಪರೀಕ್ಷೆಯಿಂದ ತೀರ್ಮಾನಿಸಬಾರದು; ಪರಸ್ಪರ ಸಂಬಂಧವಿಲ್ಲದ ಎರಡು ಮೂರು ಪರೀಕ್ಷೆಗಳನ್ನು, ಬೇರೆ ಬೇರೆ ಹೊತ್ತುಗಳಲ್ಲಿ ನಡಸಿ, ಸಾಧ್ಯವಿದ್ದರೆ ಒಂದೇ ಕೋಶವನ್ನು ಆರಂಭದಿಂದ ಕೊನೆಯವರೆಗೆ ಚಲಚ್ಚಿತ್ರದಲ್ಲಿ ಹಿಡಿದು, ಎಲ್ಲವೂ ಒಂದೇ ಕಡೆಗೆ ಬೆರಳು ತೋರಿದಾಗ ಮಾತಾಡಬೇಕು ಎಂಬುದು ಅಲ್ಲಿಯ ಒಪ್ಪಿತವಾದ ನಡೆ. ಒಂದೊಂದು ಪ್ರಮಾಣಕ್ಕೆ ಒಂದೊಂದೇ ವಿಷಯವೆಂದು ದಿಙ್ನಾಗನ ಪರಂಪರೆಯ ಬೌದ್ಧರು ವಾದಿಸಿದಾಗ, ಒಂದೇ ವಿಷಯದಲ್ಲಿ ಹಲವು ಪ್ರಮಾಣಗಳು ಬಂದು ಕೂಡಬಹುದೆಂದು ನೈಯಾಯಿಕರು ಪ್ರಮಾಣಸಂಪ್ಲವವನ್ನು ಸಮರ್ಥಿಸಿದರು: ಅಲ್ಲಿ ಬೆಂಕಿಯಿದೆಯೆಂದು ಆಪ್ತನಿಂದ ಕೇಳಿ, ಸಮೀಪಿಸುತ್ತ ಹೊಗೆಯಿಂದ ಊಹಿಸಿ, ಕೊನೆಗೆ ಹತ್ತಿರ ಹೋಗಿ ಕಣ್ಣಾರೆ ಕಾಣುವಂತೆ. ಕೋಶಮರಣದಲ್ಲಿ ಆ ಕೊನೆಯ ಹೆಜ್ಜೆಯು ನಮಗೆ ದೊರೆಯದು. ಆದುದರಿಂದಲೇ ಅದರ ಹಿಂದಿನ ಹೆಜ್ಜೆಗಳನ್ನು ದೃಢವಾಗಿ ಇಡುವ ಹೊಣೆ ಹೆಚ್ಚು.

ಈಗ ಮನುಷ್ಯನ ಕಡೆಗೆ ತಿರುಗಬಹುದು. ಬದುಕಿರುವವನ ದೇಹದಲ್ಲಿ ನಿತ್ಯವೂ ಸಾವಿರಾರು ಕೋಟಿ ಕೋಶಗಳು ಸಾಯುವುದನ್ನು ಕಂಡೆವು. ಇದರ ಪ್ರತಿರೂಪವಾಗಿ, ಮಿದುಳುಕಾಂಡವು ಸತ್ತವನ ದೇಹದಲ್ಲಿ ಉಸಿರಾಟದ ಯಂತ್ರದ ಆಸರೆಯಿರುವವರೆಗೆ ಹೃದಯ, ಯಕೃತ್ತು, ಮೂತ್ರಪಿಂಡಗಳ ಕೋಶಗಳು ಬದುಕಿರುತ್ತವೆ. ಅಂಗದಾನವು ಸಾಧ್ಯವಾಗಿರುವುದು ಇದರಿಂದಲೇ. ಹಾಗಾಗಿ ಕೋಶಗಳ ಮರಣವನ್ನು ಕೂಡಿಸಿದರೆ ವ್ಯಕ್ತಿಯ ಮರಣವಾಗುವುದಿಲ್ಲ. ಕೋಶಗಳ ಬದುಕನ್ನು ಕೂಡಿಸಿದರೆ ವ್ಯಕ್ತಿಯ ಬದುಕೂ ಆಗುವುದಿಲ್ಲ. ಎದೆ ಏರಿಳಿಯುತ್ತಿರುವ, ಮೈ ಬಿಸಿಯಾಗಿರುವ ಮಗನನ್ನೋ ಪತಿಯನ್ನೋ ಸತ್ತನೆಂದು ನಂಬಬೇಕಾಗಿ ಬಂದ ಬಂಧುಗಳ ಸಂಕಟವನ್ನು ಅಜ್ಞಾನವೆಂದು ತಳ್ಳಿಹಾಕುವುದು ಕ್ರೌರ್ಯ. ಅವರ ಇಂದ್ರಿಯಗಳಿಗೆ ತೋರುವ ಹೇತುಗಳು ಒಂದು ಕಡೆ, ವೈದ್ಯರು ಹೇಳುವ ಹೇತುಗಳು ಇನ್ನೊಂದು ಕಡೆ ಎಳೆಯುತ್ತಿರುತ್ತವೆ. ಭಾರತದ 1994ರ ಅಂಗಾಂಗ ಕಸಿ ಕಾಯಿದೆಯು ಈ ಸಂದರ್ಭಕ್ಕೆ ವಿಧಿಸಿರುವ ಕ್ರಮವು ನಮ್ಮ ಮೇಲಿನ ವಿಚಾರಕ್ಕೆ ಅನುಗುಣವಾಗಿಯೇ ಇದೆ: ಒಬ್ಬ ವೈದ್ಯನ ಮಾತು ಸಾಲದು, ನಾಲ್ವರ ಮಂಡಳಿ ಬೇಕು, ಒಂದು ಗುರುತು ಸಾಲದು, ಕಣ್ಣಿನ ಪಾಪೆ, ಕೆಮ್ಮು, ಸ್ವತಂತ್ರವಾದ ಉಸಿರು ಮೊದಲಾದ ಹಲವನ್ನು ಪರೀಕ್ಷಿಸಬೇಕು, ಮೈ ತಣ್ಣಗಾದುದರಿಂದಲೋ ಮದ್ದಿನ ಮಂಪರಿನಿಂದಲೋ ಅದೇ ಗುರುತುಗಳು ಮೂಡಿಲ್ಲವೆಂದು, ಅಂದರೆ ಉಪಾಧಿಯಿಲ್ಲವೆಂದು, ಮೊದಲೇ ಖಚಿತಪಡಿಸಿಕೊಳ್ಳಬೇಕು.

ಇಂಥ ಗಳಿಗೆ ಯಾರ ಮನೆಗೂ ಬಾರದಿರಲಿ. ಬಂದರೆ, ಓದುಗರು ನಾಚಿಕೊಳ್ಳದೆ ವೈದ್ಯರನ್ನು ಕೇಳಬೇಕು: ಯಾವ ಯಾವ ಗುರುತುಗಳನ್ನು ನೋಡಿದಿರಿ, ಯಾವ ಹೊತ್ತಿನಲ್ಲಿ ನೋಡಿದಿರಿ, ಇವೇ ಗುರುತುಗಳು ಬೇರೆ ಕಾರಣದಿಂದ ಬಂದಿರಬಹುದೆಂಬುದನ್ನು ಹೇಗೆ ಕಳೆದಿರಿ ಎಂದು. ಇದು ಸತ್ತವರಿಗೆ ಮಾಡುವ ಅಗೌರವವಲ್ಲ, ವೈದ್ಯರ ಮೇಲಣ ಅಪನಂಬಿಕೆಯೂ ಅಲ್ಲ. ಆ ಪ್ರಶ್ನೆಗಳಿಗೆ ನಿಧಾನವಾಗಿ ಉತ್ತರ ಹೇಳುವುದು ವೈದ್ಯರ ಧರ್ಮ. ಮೇಲೆ ಹೇಳಿದ ಕಾಯಿದೆಯ ಕ್ರಮದಲ್ಲಿ ಈ ಪರೀಕ್ಷೆಗಳನ್ನು ಎರಡು ಸಲ ನಡಸತಕ್ಕದ್ದು; ಮೊದಲ ಪರೀಕ್ಷೆಗೂ ಎರಡನೆಯ ಪರೀಕ್ಷೆಗೂ ನಡುವೆ ಕನಿಷ್ಠ 6 ಗಂಟೆಗಳ ಅಂತರವಿರಬೇಕು. ಎರಡನೆಯದು ಮುಗಿಯುವವರೆಗೆ ಮರಣವನ್ನು ಘೋಷಿಸುವಂತಿಲ್ಲ.